ಮೈಲೇಜು ಕಾರಿಲಿ ಇಲ್ಲೆ ಭಾವಾ, ಕಾಲಿಲಿ ಇದ್ದು

ಕಳುದ ತಿಂಗಳು ಒಂದು ಉಪನಯನದ ಊಟಕ್ಕೆ ಹೋಗಿತ್ತಿದ್ದೆಯೊ. ಊಟ ಆಗಿ ಎಲೆ ತಿಂದೊಂಡು ಗೆಂಡುಮಕ್ಕೊ ಎಲ್ಲ ಜಾಲಿಲಿ ನಿಂದು ಕಾರಿನ ಪಂಚಾತಿಗೆ ಸುರು ಮಾಡಿದವು. ಎಂಗಳ ಕಾರಿನ ಬೋನೆಟ್ಟಿನ ಮೇಲೆ ಕೈ ಮಡಿಕ್ಕೊಂಡು ಒಬ್ಬ ಭಾವ ಹೇಳಿದವು, "ಈ ಹೈಬ್ರಿಡ್ ಹೇಳುದೆಲ್ಲ ಮರುಳು. ಇಪ್ಪತ್ತೆಂಟು ಹೇಳ್ತವು, ಹದಿನೇಳು ಕೊಡ್ತು. ಮೂರು ಲಕ್ಷ ಹೊಳಗೆ ಹಾಕಿದ ಹಾಂಗೆ." ಎಂಗಳ ಯಜಮಾನ್ರು ಅಪ್ಪಪ್ಪು ಹೇಳಿ ಮಂಡೆ ಆಡಿಸಿದವು.

ಭಾವ ಹೇಳಿದ್ದರಿಂದ ಇವು ಮಂಡೆ ಆಡಿಸಿದ್ದೇ ಎನಗೆ ಹೆಚ್ಚು ಬೇನೆ ಆದ್ದು. ಎಂತಕೆ ಹೇಳಿರೆ ಅದೇ ಕಾರಿನ ಆನು ಓಡ್ಸಿರೆ ಇಪ್ಪತ್ತನಾಲ್ಕು ದಾಂಟುತ್ತು ಹೇಳಿ ಇವಕ್ಕೆ ಗೊಂತಿದ್ದು. ಆನು ಮೆಲ್ಲಂಗೆ ಹೇಳಿದೆ, "ಎನಗೆ ಇಪ್ಪತ್ತನಾಲ್ಕು ಬತ್ತನ್ನೇ." ಎಲ್ಲೋರಿಂಗೂ ನೆಗೆ. "ಅಕ್ಕ ಎತ್ತಿನ ಗಾಡಿಯ ಹಾಂಗೆ ಓಡ್ಸುಗು, ಬಾರದ್ದೆ ಎಂತ ಮಾಡುಗು" ಹೇಳಿದ ಒಬ್ಬ ಮಾಣಿ. ಆ ಮಾಣಿಯ ಬಾಳಂತನದ ಮದ್ದು ಅರದ್ದು ಆನು. ಇರಳಿ.

ಮನಗೆ ಬಪ್ಪಗ ಕಾರಿಲಿ ಇವು ಹೇಳಿದವು, ಇದರ ಕೊಟ್ಟು ಒಂದು ಡೀಸೆಲು ಗಾಡಿ ತೆಕ್ಕೊಂಬದೇ ಒಳ್ಳೆದು, ಒಬ್ಬ ಬ್ರೋಕರಿನತ್ರೆ ಮಾತಾಡ್ಸಿ ಆಯಿದು ಹೇಳಿ. ಅಡಕ್ಕೆ ಮಾರಿದ ಪೈಸೆಯೂ ಮಗನ ಸಾಲವೂ ಸೇರಿ ಬಂದ ಕಾರು ಅದು. ಎರಡು ವರ್ಷ ತುಂಬಿತ್ತಷ್ಟೆ. ಈಗ ಕೊಟ್ಟರೆ ನಷ್ಟ ಎಷ್ಟು ಹೇಳಿ ಕೇಳಿದೆ, ಉತ್ತರ ಇಲ್ಲೆ. ಹಾಂಗಾಗಿ ಜಾಲಿಲಿ ಹೇಳ್ಲೆ ಎಡಿಯದ್ದರ ಇಲ್ಲಿ ಬರೆತ್ತೆ. ಕಾರಿನ ಹೆಸರು ಹೇಳ್ತಿಲ್ಲೆ, ಜಾಹೀರಾತು ಹೇಳಿ ಅಕ್ಕು.

ಆನು ಕಲ್ತದು ಪಿಯುಸಿ. ಕಾರು ಕಲ್ತದು ಐವತ್ತೊಂದನೇ ಪ್ರಾಯಲ್ಲಿ, ಮಾವನ ಆಸ್ಪತ್ರೆಗೆ ಕರಕ್ಕೊಂಡು ಹೋಪಲೆ ಮನೆಲಿ ಜೆನ ಇಲ್ಲದ್ದೆ ಅಪ್ಪಗ. ಇಂಜಿನಿನ ಶಾಸ್ತ್ರ ಎನಗೆ ಆರೂ ಪಾಠ ಮಾಡಿದ್ದಿಲ್ಲೆ. ಆದರೆ ಮನೆಲಿ ಒಂದು ಗ್ಯಾಸಿನ ಅಂಡೆ ಎಷ್ಟು ದಿನ ಬತ್ತು ಹೇಳಿ ಮೂವತ್ತು ವರ್ಷಂದ ಕ್ಯಾಲೆಂಡರಿಲಿ ಬರದು ಮಡುಗಿದವಳು ಆನು. ಕಾರು ಬಂದ ಮರುದಿನಂದ ಅದಕ್ಕೂ ಒಂದು ಪುಸ್ತಕ ಮಾಡಿದೆ. ಟೇಂಕಿ ತುಂಬುಸುದು, ಪಂಪಿನ ನಳಿಗೆ ತನ್ನಷ್ಟಕ್ಕೆ ನಿಂಬಲ್ಲಿವರೆಗೆ. ಕಿಲೋಮೀಟರು ಬರವದು. ಮತ್ತಾಣ ಸರ್ತಿ ಅದೇ ಪಂಪಿಲಿ ಅದೇ ನಮೂನೆ ತುಂಬುಸಿ, ಓಡಿದ ದೂರವ ಹಾಕಿದ ಲೀಟರಿಲಿ ಭಾಗಿಸುದು. ಆರು ಓಡ್ಸಿದ್ದು ಹೇಳಿಯೂ ಬರೆತ್ತೆ. ಕಾರಿನ ಪರದೆ ತೋರ್ಸುವ ಲೆಕ್ಕ ಬೇರೆ, ಅದು ಯಾವಗಳೂ ರಜಾ ದೊಡ್ಡ ಬಾಯಿಯದ್ದು.

ಪುಸ್ತಕಲ್ಲಿ ಇಪ್ಪದು ಹೀಂಗೆ. ಬೆಂಗ್ಳೂರಿಂಗೆ ಹೋಗಿ ಬಪ್ಪ ಅದೇ ಮಾರ್ಗ, ಅದೇ ಶಿರಾಡಿ ಘಾಟಿ. ಮಗ ಓಡ್ಸಿರೆ 17. ಇವು ಓಡ್ಸಿರೆ 19. ಆನು ಓಡ್ಸಿರೆ 24.6. ಕಾರು ಒಂದೇ, ಪೆಟ್ರೋಲು ಒಂದೇ ಪಂಪಿಂದು. ಅಂಬಗ ಮೋಸ ಮಾಡಿದ್ದು ಆರು? ಕಾರೋ?

ಇಪ್ಪತ್ತೆಂಟು ಹೇಳುವ ಲೆಕ್ಕದ ಕತೆಯೂ ಹೇಳೆಕ್ಕು. 2022ರಲ್ಲಿ ಟೊಯೋಟಾದ ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರ ಹೇಳಿ ಎರಡು ಗಾಡಿ ನಮ್ಮ ಬಿಡದಿಲೇ ತಯಾರಾಗಿ ಹೆರ ಬಂತು. ಅದರ ಸ್ಟ್ರಾಂಗ್ ಹೈಬ್ರಿಡ್ಡಿಂಗೆ ಪ್ರಮಾಣಪತ್ರಲ್ಲಿ ಇಪ್ಪ ಅಂಕೆ ಲೀಟರಿಂಗೆ 27.97 ಕಿ.ಮೀ. ಈ ಪರೀಕ್ಷೆ ಮಾಡುದು ಮಾರ್ಗಲ್ಲಿ ಅಲ್ಲ, ರೂಮಿನ ಒಳ ಉರುಳೆಯ ಮೇಲೆ. ಅಲ್ಲಿ ಏಸಿ ಇಲ್ಲೆ, ಚಡವು ಇಲ್ಲೆ, ಹಿಂದೆ ತೆಂಗಿನಕಾಯಿ ಗೋಣಿ ಇಲ್ಲೆ, ವೇಗ 90 ದಾಂಟುತ್ತಿಲ್ಲೆ, ಸರಾಸರಿ ನೋಡಿರೆ ಗಂಟೆಗೆ ಮೂವತ್ತರ ಆಸುಪಾಸು. ಅದೊಂದು ಅಳತೆಕೋಲು, ಗಾಡಿ ಗಾಡಿಯ ಹೋಲ್ಸಿ ನೋಡ್ಲೆ ಇಪ್ಪದು. ಅಡಿಗೆ ಪುಸ್ತಕಲ್ಲಿ "ಹತ್ತು ನಿಮಿಷ ಬೇಶಿ" ಹೇಳಿ ಇದ್ದರೆ ನಮ್ಮ ಒಲೆಲಿ ಹದಿನೈದು ಬೇಕಾವ್ತು, ಹಾಂಗೆ ಹೇಳಿ ಪುಸ್ತಕ ಬರದವನ ಆರೂ ಬೈತ್ತವಿಲ್ಲೆ.

ಈಗ ಭಾವನೋರಿಂಗೆ ಅರ್ಥ ಆಗದ್ದ ಮುಖ್ಯ ಸಂಗತಿ. ಹೈಬ್ರಿಡ್ ಗಾಡಿಯ ಬ್ಯಾಟರಿ ಭಾರೀ ದೊಡ್ಡ ಭಂಡಾರ ಹೇಳಿ ಇವೆಲ್ಲ ಗ್ರೇಶಿದ್ದವು. ಈ ನಮೂನೆ ಕಾರಿಲಿ ಅದು ಹಿಡಿವದು ಮುಕ್ಕಾಲು ಯೂನಿಟು ಕರೆಂಟು. ಎಂಗಳ 750 ವಾಟಿನ ಮಿಕ್ಸಿ ಒಂದು ಗಂಟೆ ತಿರುಗುಗು, ಅಷ್ಟೇ. ಒಂದು ಲೀಟರು ಪೆಟ್ರೋಲಿಲಿ ಸುಮಾರು ಒಂಬತ್ತು ಯೂನಿಟಿನ ಶಕ್ತಿ ಇದ್ದು. ಹೇಳಿರೆ ಬ್ಯಾಟರಿ ತುಂಬ ತುಂಬಿದರೂ ಒಂದು ಕುಡ್ತೆ ಪೆಟ್ರೋಲಿನಷ್ಟೂ ಇಲ್ಲೆ. ಅದು ಭಂಡಾರ ಅಲ್ಲ, ಸೌಟು. ಇಲ್ಲಿಂದ ತೆಗದು ಅಲ್ಲಿಗೆ ಹಾಕುಲೆ ಇಪ್ಪದು. ಆ ಕರೆಂಟು ಬಪ್ಪದೂ ಪೆಟ್ರೋಲಿಂದಲೇ, ಗೋಡೆಯ ಪ್ಲಗ್ಗಿಂದ ಅಲ್ಲ. ಈ ಒಂದು ವಿಷಯ ಮಂಡಗೆ ಹೊಕ್ಕರೆ ಒಳುದ್ದೆಲ್ಲ ತನ್ನಷ್ಟಕ್ಕೆ ಅರ್ಥ ಆವ್ತು.

ಮಗಂಗೆ ಇದು ಹೊಕ್ಕಿದ್ದಿಲ್ಲೆ. ಅವ ಬೆಂಗ್ಳೂರಿನ ಟ್ರಾಫಿಕ್ಕಿಲಿ ಎದುರಾಣ ಗಾಡಿಯ ಬೀಲಕ್ಕೆ ಮುಟ್ಟುವಲ್ಲಿವರೆಗೆ ಮೆಟ್ಟುದು, ಮತ್ತೆ ಗಕ್ಕನೆ ಬ್ರೇಕು. "ಬ್ರೇಕು ಹಾಕಿರೆ ಚಾರ್ಜು ಆವ್ತಮ್ಮ, ಲಾಭವೇ" ಹೇಳ್ತ. ಎಂತ ಲಾಭ? ಬ್ರೇಕು ಮೆಲ್ಲಂಗೆ ಒತ್ತಿರೆ ಮೋಟರು ಡೈನಮೋದ ಹಾಂಗೆ ತಿರುಗಿ ಕರೆಂಟು ಮಾಡ್ತು, ಅದು ಸತ್ಯ. ಗಕ್ಕನೆ ಮೆಟ್ಟಿರೆ ಮೋಟರಿಂಗೆ ಅಷ್ಟರ ಒಂದರಿಯಂಗೆ ನುಂಗುಲೆ ಎಡಿತ್ತಿಲ್ಲೆ, ಒಳುದ್ದರ ಬ್ರೇಕಿನ ಪ್ಯಾಡು ಉದ್ದಿ ಬೆಶಿ ಮಾಡಿ ಗಾಳಿಗೆ ಬಿಡ್ತು. ಮೆಲ್ಲಂಗೆ ಒತ್ತಿರೂ ಹೋದ ಶಕ್ತಿ ಪೂರಾ ವಾಪಾಸು ಬತ್ತಿಲ್ಲೆ, ಮೋಟರಿಲಿ ರಜಾ, ಬ್ಯಾಟರಿಲಿ ರಜಾ, ವಾಪಾಸು ಚಕ್ರಕ್ಕೆ ಹೋಪಗ ರಜಾ, ದಾರಿ ಉದ್ದಕೂ ಸೋರುತ್ತು. ಚೆಲ್ಲಿದ ಹಾಲಿನ ಬಟ್ಟೆಲಿ ಉದ್ದಿ ಹಿಂಡಿ ಪಾತ್ರಕ್ಕೆ ಹಾಕಿದ ಹಾಂಗೆ ಅದು. ಚೆಲ್ಲದ್ದೆ ಇಪ್ಪದು ಅದರಿಂದ ಒಳ್ಳೆದಲ್ಲದೊ?

ಹಾಂಗಾಗಿ ಎನ್ನ ಕ್ರಮ ಇಷ್ಟೆ. ಕಣ್ಣು ದೂರ ಇರೆಕ್ಕು. ಮುಂದೆ ಹಂಪು ಕಂಡತ್ತೋ, ಬಸ್ಸು ನಿಂದತ್ತೋ, ಕೆಂಪು ಲೈಟು ಬಿದ್ದತ್ತೋ, ಆಗಳೇ ಎಕ್ಸಿಲರೇಟರಿಂದ ಕಾಲು ತೆಗವದು. ಗಾಡಿ ತನ್ನಷ್ಟಕ್ಕೆ ಹರಿತ್ತು, ಇಂಜಿನು ನಿಲ್ಲುತ್ತು, ಬ್ಯಾಟರಿಗೆ ರಜಾ ಹೋವ್ತು. ಮತ್ತೆ ಬೇಕಾದರೆ ಬ್ರೇಕಿಂಗೆ ಒಂದು ಬೆರಳಿನ ಭಾರ. ಮಜ್ಜಿಗೆ ಬೆಂದಿ ಕೊದಿವಲೆ ಬಪ್ಪ ಮೊದಲೇ ನಾವು ಒಲೆ ಸಣ್ಣ ಮಾಡ್ತಿಲ್ಲೆಯೊ, ಉಕ್ಕಿದ ಮೇಲೆ ಅಲ್ಲನ್ನೆ.

ಎತ್ತಿನ ಗಾಡಿ ಹೇಳಿದ ಮಾಣಿಗೆ ಇಲ್ಲಿ ಒಂದು ಮಾತು. ಎತ್ತಿನ ಗಾಡಿಯ ಹಾಂಗೆ ಓಡ್ಸಿರೆ ಮೈಲೇಜು ಬತ್ತಿಲ್ಲೆ ಮಾಣಿ! ಸುರುವಿಂಗೆ ಆನುದೇ ಆ ತಪ್ಪು ಮಾಡಿದ್ದೆ. ಇಂಜಿನು ಸುರು ಅಪ್ಪಲಾಗ ಹೇಳಿ ಬ್ಯಾಟರಿಲಿಯೇ ಎಳಕ್ಕೊಂಡು ಎಳಕ್ಕೊಂಡು ಹೋಪದು, ಇವಿ ಹೇಳುವ ಬಟನು ಒತ್ತುದು. ಮೂರು ಕಿಲೋಮೀಟರಿಂಗೆ ಬ್ಯಾಟರಿ ಖಾಲಿ. ಮತ್ತೆ ಇಂಜಿನು ಎದ್ದು ಗಾಡಿಯನ್ನೂ ಎಳೆಯೆಕ್ಕು, ಬ್ಯಾಟರಿಯನ್ನೂ ತುಂಬುಸೆಕ್ಕು. ಆ ತಿಂಗಳು ಬಂದದು 20. ಪುಸ್ತಕಲ್ಲಿ ಇದ್ದು, ಒರಸಿದ್ದಿಲ್ಲೆ. ಈ ಇಂಜಿನಿಂಗೆ ಹದವಾದ ಭಾರ ಇದ್ದರೇ ಅದು ಚೆಂದಕೆ ಕೆಲಸ ಮಾಡುದು. ಹಾಂಗಾಗಿ ಹೆರಡುವಗ ಹಿಂಜರಿಯದ್ದೆ, ಮುಳ್ಳು ಇಕೋದ ಮೇಗಾಣ ಕೊಡಿಲಿ ಇಪ್ಪ ಹಾಂಗೆ ಐವತ್ತೋ ಅರುವತ್ತೋ ಎತ್ತುಸುದು, ಮತ್ತೆ ಕಾಲು ಪೂರಾ ಎತ್ತಿ ಪುನಃ ಹಗೂರಕ್ಕೆ ಮಡುಗುದು. ಇಂಜಿನು ನಿಂದು ಗಾಡಿ ತೇಲುತ್ತು. ಕುಕ್ಕರಿನ ಹಾಂಗೆ, ಸೀಟಿ ಬಪ್ಪನ್ನಾರ ದೊಡ್ಡ ಕಿಚ್ಚು, ಮತ್ತೆ ಸಣ್ಣ. ಸುರುವಿಂದಲೇ ಸಣ್ಣ ಕಿಚ್ಚು ಮಡುಗಿದ ಹೆಮ್ಮಕ್ಕಳ ಗ್ಯಾಸು ಒಳಿತ್ತಿಲ್ಲೆ, ಅಕ್ಕಿಯೂ ಬೇಯ್ತಿಲ್ಲೆ.

ದೊಡ್ಡ ಮಾರ್ಗಲ್ಲಿ ಬೇರೆಯೇ ಲೆಕ್ಕ. ಅಲ್ಲಿ ವೈರಿ ಗಾಳಿ. ವೇಗ 80ರಿಂದ 100ಕ್ಕೆ ಏರಿರೆ ಗಾಳಿಯ ತಡೆ ಒಂದೂವರೆ ಪಾಲಿಂದಲೂ ಹೆಚ್ಚಾವ್ತು. ಎತ್ತರದ ಎಸ್‌ಯುವಿಯ ಮೋರೆಯೂ ದೊಡ್ಡದಲ್ಲದೊ, ಬಾಗಿಲಿನ ಹಲಗೆಯ ಗಾಳಿಗೆ ಎದುರು ಹಿಡುದ ಹಾಂಗೆ. ಹಾಸನಂದ ಬೆಂಗ್ಳೂರಿಂಗೆ ಸುಮಾರು 180 ಕಿ.ಮೀ. 80ರಲ್ಲಿ ಹೋದರೆ ಎರಡೂಕಾಲು ಗಂಟೆ, 100ರಲ್ಲಿ ಹೋದರೆ ಅದರಿಂದ 27 ನಿಮಿಷ ಬೇಗ. ಮಗ ಆ 27 ನಿಮಿಷ ಒಳುಶಿ, ಮತ್ತೆ ದಾರಿಲಿ ಚಾಯ ಕುಡಿವಲೆ ನಿಲ್ಸಿ ಮೊಬೈಲು ನೋಡಿಗೊಂಡು ಅರ್ಧ ಗಂಟೆ ಕೂರುತ್ತ. ಎಂತಕೆ ಅಂಬಗ ಹಾರಿದ್ದು?

ಘಾಟಿಯ ವಿಷಯ ಬರೆಯದ್ದರೆ ಎನಗೆ ಒರಕ್ಕು ಬಾರ. ಸಕಲೇಶಪುರ ಸಮುದ್ರಂದ 900 ಮೀಟರಿಂದಲೂ ಎತ್ತರ. ಅಲ್ಲಿಂದ ಗುಂಡ್ಯಕ್ಕೆ ಇಳಿವಗ ಗಾಡಿಯ ಭಾರವೇ ಬ್ಯಾಟರಿ ತುಂಬುಸುತ್ತು. ಮಗ ಲೆಕ್ಕ ಹಾಕಿ ಹೇಳಿದ, ಒಂದು ತುಂಬು ಕಾರು 175 ಮೀಟರು ಇಳುದರೆ ಇಷ್ಟು ಸಣ್ಣ ಬ್ಯಾಟರಿ ತುಂಬುಲೆ ಬೇಕಾದಷ್ಟು ಶಕ್ತಿ ಅಲ್ಲೇ ಇದ್ದಡ, ಸೋರಿ ಹೋಪದರ ಹಿಡುದರೆ ರಜಾ ಹೆಚ್ಚು ಇಳಿಯೆಕ್ಕು. ಅಂಬಗ ಅರ್ಧ ಘಾಟಿ ಅಪ್ಪಂದ ಮೊದಲೇ ಬ್ಯಾಟರಿಯ ಹೊಟ್ಟೆ ತುಂಬುತ್ತು. ಮತ್ತೆ ಎಂತ ಆವ್ತು? ಬಿ ಹೇಳುವ ಗೇರಿಲಿ ಹಾಕಿರೆ ಇಂಜಿನು ಭೋರ್ ಹೇಳಿ ಕೂಗುಲೆ ಸುರು ಮಾಡ್ತು.

ಸುರುವಾಣ ಸರ್ತಿ ಇವು ಕಂಗಾಲು. "ಇಳಿವಗಳೂ ಪೆಟ್ರೋಲು ಕುಡಿತ್ತು ಇದು, ಎಂತ ಮಾರಾಯ್ತಿ" ಹೇಳಿ ಬಿ ತೆಗದು ಬ್ರೇಕು ಹಿಡುದವು. ತಪ್ಪು ತಿಳುವಳಿಕೆ ಅದೇ. ಆ ಕೂಗು ಪೆಟ್ರೋಲಿಂದಲ್ಲ. ಬ್ಯಾಟರಿಲಿ ಜಾಗೆ ಇಲ್ಲದ್ದ ಕಾರಣ ಹೆಚ್ಚಾದ ಶಕ್ತಿಯ ಕಳವಲೆ ಖಾಲಿ ಇಂಜಿನಿನ ಸುಮ್ಮನೆ ತಿರುಗುಸುತ್ತು, ಗಾಡಿ ಹಿಡಿತಲ್ಲಿ ನಿಲ್ಲುತ್ತು, ಬ್ರೇಕು ಬೆಶಿ ಆವ್ತಿಲ್ಲೆ. ಒಂದು ತಟುಕು ಪೆಟ್ರೋಲೂ ಹೋವ್ತಿಲ್ಲೆ. ಘಾಟಿ ಮುಗುದ ಮೇಲೆ ಬಿ ತೆಗದು ಡಿಗೆ ತಪ್ಪಲೆ ಮರವಲಾಗ, ಸಮ ಮಾರ್ಗಲ್ಲಿ ಬಿಲಿ ಹೋದರೆ ಮೈಲೇಜು ಬೀಳ್ತು.

ಇದರಿಂದಲೂ ದೊಡ್ಡ ಮರುಳು ಒಂದು ಇದ್ದು, ನ್ಯೂಟ್ರಲ್. ಎಂಗಳ ನೆರೆಕರೆಯೋರೊಬ್ಬ, ಜೀಪಿನ ಕಾಲಂದ ಬಂದ ಅಭ್ಯಾಸ, ಇಳಿಜಾರು ಕಂಡರೆ ನ್ಯೂಟ್ರಲಿಂಗೆ ಹಾಕುದು. "ಪೆಟ್ರೋಲು ಒಳಿತ್ತು ತಂಗೇ" ಹೇಳಿ ಎನಗೂ ಉಪದೇಶ ಆಗಿತ್ತು. ಈ ನಮೂನೆ ಹೈಬ್ರಿಡ್ಡಿಲಿ ನ್ಯೂಟ್ರಲಿಂಗೆ ಹಾಕಿರೆ ಬ್ಯಾಟರಿಗೆ ಚಾರ್ಜೇ ಹೋವ್ತಿಲ್ಲೆ, ಘಾಟಿಯ ಪುಕ್ಕಟೆ ಕರೆಂಟು ಪೂರಾ ದಂಡ. ಅದು ಹೋಗಲಿ. ಕೆಳ ಎತ್ತುವಗ ಬ್ರೇಕು ಕಾದು ಹಿಡಿಯದ್ದೆ ಆದರೆ? ಅವರ ಗಾಡಿ ಒಂದು ಸರ್ತಿ ಕರಂಚಿದ ವಾಸನೆ ಬಂದು ಮಾರ್ಗದ ಕರೆಲಿ ನಿಂದಿತ್ತು. ಹೆಂಡತಿ, ಪುಳ್ಳಿ ಎಲ್ಲ ಒಳ. ಹತ್ತು ರೂಪಾಯಿ ಪೆಟ್ರೋಲು ಒಳುಶುಲೆ. ಮೈಲೇಜಿನ ಹೆಸರಿಲಿ ಇಂಥದ್ದು ಮಾಡುವೋರ ಒಟ್ಟಿಂಗೆ ಎನ್ನ ಸೇರ್ಸುಲಾಗ.

ಒಳುದ್ದೆಲ್ಲ ಸಣ್ಣ ಸಣ್ಣದು. ಚಕ್ರದ ಗಾಳಿ ಹದಿನೈದು ದಿನಕ್ಕೊಂದರಿ, ಉದಿಯಪ್ಪಗ ಚಕ್ರ ತಣುದಿಪ್ಪಗ, ಬಾಗಿಲಿನ ಚೀಟಿಲಿ ಇಪ್ಪಷ್ಟು. ಹಿಂದಾಣ ಸೀಟಿನ ಹತ್ತರೆ ಬ್ಯಾಟರಿಗೆ ಗಾಳಿ ಹೋಪ ಕಂಡಿ ಇದ್ದು ಎಂಗಳ ಕಾರಿಲಿ, ಅದಕ್ಕೆ ಸಾಮಾನು ಅಡ್ಡ ಮಡುಗುಲಾಗ. ಭಾರ ಕಮ್ಮಿ ಇರೆಕ್ಕು ಹೇಳ್ತವು, ಆದರೆ ಮಗನ ಮನಗೆ ಹೋಪಗ ಹಲಸಿನಕಾಯಿ, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ ಬಿಟ್ಟಿಕ್ಕಿ ಹೋಪಲೆ ಎನಗೆ ಎಡಿಯ. ಅಲ್ಲಿ ಮೈಲೇಜು ಸೋತರೆ ಸೋಲಲಿ.

ಇವರ ದೊಡ್ಡ ಉಪದ್ರ ಎರಡು. ಒಂದು, ತಣುದ ಇಂಜಿನಿಲಿ ಸಣ್ಣ ಸಣ್ಣ ಓಡಾಟ. ಉದಿಯಪ್ಪಗ ಪೇಪರಿಂಗೆ ಒಂದರಿ, ಎಲೆ ಅಡಕ್ಕೆಗೆ ಒಂದರಿ, ಸೊಸೈಟಿಗೆ ಒಂದರಿ. ಪ್ರತಿ ಸರ್ತಿ ಇಂಜಿನು ಬೆಶಿ ಅಪ್ಪಲೆ ಬೇಕಾಗಿ ಓಡ್ತು, ಬೆಶಿ ಅಪ್ಪಗ ಮನೆ ಎತ್ತಿ ಆವ್ತು. ಅದರ ಎಲ್ಲ ಒಂದೇ ಸುತ್ತಿಲಿ ಮುಗುಶುಲೆ ಎಡಿಗು, ಆನು ಹಾಂಗೇ ಮಾಡುದು. ಇನ್ನೊಂದು, ಜೆಂಬರದ ಮನೆಯ ಹೆರ ಕಾರಿಲಿ ಏಸಿ ಹಾಕಿಗೊಂಡು ಒಂದು ಗಂಟೆ ಕೂಪದು. ಈ ಕಾರಿಲಿ ಏಸಿ ತಿರುಗುದು ಬ್ಯಾಟರಿಲಿ, ಬ್ಯಾಟರಿ ಇಳುದ ಹಾಂಗೆ ಇಂಜಿನು ಎದ್ದೇಳ್ತು. ನಿಂದಲ್ಲೇ ಓಡಿದ ಪೆಟ್ರೋಲಿಂಗೆ ಕಿಲೋಮೀಟರು ಎಲ್ಲಿಂದ ಬಕ್ಕು? ಏಸಿ ಬೇಡ ಹೇಳ್ತಿಲ್ಲೆ, ನಮ್ಮ ಊರ ಸೆಕೆಗೆ ಅದು ಆಗ. ಓಡುವಗ 25-26ರಲ್ಲಿ ಇರಳಿ. ದೊಡ್ಡ ಮಾರ್ಗಲ್ಲಿ ಕನ್ನಟಿ ಇಳುಶಿ ಹೋದರೆ ಗಾಳಿ ಹಿಡುದು ಅದುದೇ ದಂಡವೇ.

ಇನ್ನು ಭಾವನ ಮೂರು ಲಕ್ಷದ ಮಾತು. ಅದರಲ್ಲಿ ಸತ್ಯ ಇಲ್ಲೆ ಹೇಳಿ ಆನು ಹೇಳೆ. ವರ್ಷಕ್ಕೆ ಆರು ಸಾವಿರ ಕಿಲೋಮೀಟರು ಓಡ್ಸುವೋರು ಹೈಬ್ರಿಡ್ ತೆಗವದು ಬೇಡ. ಸಾದಾ ಪೆಟ್ರೋಲು ಗಾಡಿ 15 ಕೊಟ್ಟು ಹೈಬ್ರಿಡ್ 23 ಕೊಟ್ಟರೂ, ಲೀಟರಿಂಗೆ ನೂರು ಹಿಡುದು ವರ್ಷಕ್ಕೆ ಹದಿನಾಲ್ಕು ಸಾವಿರ ಒಳಿಗು. ಮೂರು ಲಕ್ಷ ವಾಪಾಸು ಬಪ್ಪಗ ಇಪ್ಪತ್ತು ವರ್ಷ ದಾಂಟುಗು, ಗಾಡಿ ಗುಜಿರಿಗೆ ಹೋಕು. ಆದರೆ ಎಂಗಳದ್ದು ವರ್ಷಕ್ಕೆ ಇಪ್ಪತ್ತು ಸಾವಿರ. ಅಲ್ಲಿ ವರ್ಷಕ್ಕೆ ನಲುವತ್ತಾರು ಸಾವಿರ, ಆರೂವರೆ ವರ್ಷಲ್ಲಿ ಮುಗುತ್ತು. ಈ ಲೆಕ್ಕ ತೆಗವ ಮೊದಲು ಹಾಕೆಕ್ಕಾತು. ತೆಗದು ಎರಡು ವರ್ಷ ಆದ ಮೇಲೆ ಜಾಲಿಲಿ ನಿಂದು ಹಾಕುದಲ್ಲ.

ಅದೇ ಇಪ್ಪತ್ತು ಸಾವಿರಲ್ಲಿ ಇವರ 19ಕ್ಕೂ ಎನ್ನ 24.6ಕ್ಕೂ ವರ್ಷಲ್ಲಿ ವ್ಯತ್ಯಾಸ 240 ಲೀಟರು. ಇಪ್ಪತ್ತನಾಲ್ಕು ಸಾವಿರ ರೂಪಾಯಿ. ಅಡಕ್ಕೆಗೆ ಕಿಲೋಕ್ಕೆ 400 ಸಿಕ್ಕಿರೆ ಅರುವತ್ತು ಕಿಲೋ ಅಡಕ್ಕೆ. ಆ ಅರುವತ್ತು ಕಿಲೋ ಬೆಳವಲೆ ಮಳೆಗಾಲಲ್ಲಿ ಮದ್ದು ಬಿಡುವೋರ ಹುಡ್ಕಿ ಎಷ್ಟು ಮನೆ ಬಾಗಿಲಿಂಗೆ ಹೋಯೆಕ್ಕು ಹೇಳಿ ಇವಕ್ಕೇ ಗೊಂತಿದ್ದು. ಕೊಳೆರೋಗ ಬಂದು ಒಂದು ಗೊನೆ ಉದುರಿರೆ ಎರಡು ದಿನ ಊಟ ಸೇರ್ತಿಲ್ಲೆ ಇವಕ್ಕೆ. ಕಾಲಿನ ಅಡಿಲಿ ಅರುವತ್ತು ಕಿಲೋ ಉದುರುದು ಕಾಣ್ತಿಲ್ಲೆ.

ಎನಗೆ ಅರ್ಥ ಆದ್ದು ಇಷ್ಟು. ತೋಟಲ್ಲಿ ಒಳುಶಿರೆ ಅದು ಬುದ್ಧಿವಂತಿಗೆ, ಬೇಂಕಿಲಿ ಒಳುಶಿರೆ ಜಾಣತನ, ಅಡಿಗೆ ಒಲೆಲಿ ಒಳುಶಿರೆ ಪಿಟ್ಟಾಸುತನ, ಕಾರಿಲಿ ಹೆಂಡತ್ತಿ ಒಳುಶಿರೆ ಹೆದರಿಕೆ. ಗಾಡಿ ಹಾರ್ಸುದು ಗೆಂಡುಮಕ್ಕಳ ಮರ್ಯಾದೆಯ ವಿಷಯ ಆಗಿ ಹೋಯಿದು. ಹಿಂದಂದ ಒಬ್ಬ ಹಾರ್ನು ಹಾಕಿರೆ ಸಾಕು, ಇವರ ಕಾಲು ತನ್ನಷ್ಟಕ್ಕೆ ಒತ್ತುತ್ತು. ಆನು ಎಡಕ್ಕೆ ಸರುದು ದಾರಿ ಕೊಡ್ತೆ. ಹೋಗಲಿ ಪಾಪ, ಎಂತ ಅಂಬ್ರೆಪ್ಪೋ ಅವಂಗೆ.

ಎನಗೂ ಅಂಬ್ರೆಪ್ಪು ಬಯಿಂದು. ಕಳುದ ಮಳೆಗಾಲ ಇರುಳು ಎರಡು ಗಂಟಗೆ ಮಾವಂಗೆ ಉಸುಲು ಕಟ್ಟಿತ್ತು. ಇವು ಹಿಂದೆ ಮಾವನ ಮಂಡೆ ಹಿಡ್ಕೊಂಡು ಕೂದವು, ಓಡ್ಸಿದ್ದು ಆನು. ಮಂಗ್ಳೂರಿಂಗೆ ಎತ್ತುವನ್ನಾರ ಮುಳ್ಳು ಎಲ್ಲಿದ್ದು ಹೇಳಿ ನೋಡಿದ್ದಿಲ್ಲೆ. ಆ ದಿನದ ಲೆಕ್ಕ 14. ಪುಸ್ತಕಲ್ಲಿ ಅದರ ಹತ್ತರೆ "ಮಾವ" ಹೇಳಿ ಮಾತ್ರ ಬರದ್ದೆ. ಮಾವ ಈಗ ಜೆಗಿಲಿಲಿ ಕೂದು ಎಲೆ ಗುದ್ದುತ್ತಾ ಇದ್ದವು. ಎತ್ತಿನ ಗಾಡಿ ಓಡ್ಸುಲೆ ಮಾತ್ರ ಗೊಂತಿಪ್ಪದು ಹೇಳಿ ಅಲ್ಲ ಮಾಣಿ.

ಬ್ರೋಕರು ಹೋದ ವಾರ ಬಂದ. ಕಾರಿನ ಸುತ್ತ ಎರಡು ಸುತ್ತು ಹಾಕಿ ಒಂದು ರೇಟು ಹೇಳಿದ, ಅದರ ಕೇಳಿ ಇವರ ಮೋರೆ ಸಣ್ಣ ಆತು. ಆನು ಅಂಬಗಳೇ ಹೇಳಿದೆ, "ಮೂರು ಟೇಂಕಿ ಸಮಯ ಕೊಡಿ. ನಿಂಗಳೇ ಓಡ್ಸಿ, ಆನು ಕರೆಲಿ ಕೂರ್ತೆ. ಆನು ಹೇಳಿದ ಹಾಂಗೆ ಓಡ್ಸೆಕ್ಕು. ಮೂರನೇ ಟೇಂಕಿಲಿ 22 ಬಾರದ್ದರೆ ಮಾರಿಕ್ಕಿ, ಆನು ಬಾಯಿ ತೆಗೆತ್ತಿಲ್ಲೆ."

ಸುರುವಾಣ ಟೇಂಕಿ ನಿನ್ನೆ ಮುಗುತ್ತು. 20.8. ಅರ್ಧ ದಾರಿ ಎನ್ನತ್ರೆ ಜಗಳ ಮಾಡಿಗೊಂಡೇ ಓಡ್ಸಿದ್ದವು. ಪಂಪಿಲಿ ಭಾಗಾಕಾರ ಇವೇ ಮಾಡಿದವು, ಎರಡು ಸರ್ತಿ, ಮೊಬೈಲಿಲಿ. ಪುಸ್ತಕಲ್ಲಿ ಬರವಲೆ ಆನು ಪೆನ್ನು ಹುಡ್ಕುವಗ ಇವರ ಕಿಸೆಂದಲೇ ತೆಗದು ಕೊಟ್ಟವು.